ಹೆಬ್ಬಾಳ ಸೀಮೆಯ ಪರದೇಶಿಗಳು

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ಹಿಂದುಮುಂದಿಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಮೊದಲನೆಯ ಅರ್ಥವು ಶಬ್ದದ ಒಡಲಿನಲ್ಲಿಯೇ ಇದೆ. ಎರಡನೆಯದನ್ನು ನಮ್ಮ ಜನರು ತಮ್ಮ ಅನುಭವದಿಂದ ಕೂಡಿಸಿದರು. ತಾಯಿತಂದೆಗಳನ್ನು ಕಳೆದುಕೊಂಡ ಕೂಸು ಹುಟ್ಟಿದ ಊರನ್ನು ಬಿಟ್ಟು ಒಂದು ಗಾವುದ ದೂರ ಹೋಗದಿದ್ದರೂ ಅದನ್ನು ಪರದೇಶಿ ಎನ್ನುತ್ತೇವೆ. ಎಂದರೆ, ನಮ್ಮವರ ಎಣಿಕೆಯಲ್ಲಿ ದೇಶವೆಂಬುದು ಮಣ್ಣಲ್ಲ, ಜನ. ತನ್ನವರು ಎಂಬವರು ಇಲ್ಲದ ಸ್ಥಳವೆಲ್ಲ ಪರದೇಶವೇ. ಕೊಚ್ಚಿಯಲ್ಲಿ ೧೫೬೮ರಲ್ಲಿ ಹೊರಗಿನಿಂದ ಬಂದ ಯೆಹೂದ್ಯರು ಕಟ್ಟಿದ ಪ್ರಾರ್ಥನಾಮಂದಿರಕ್ಕೆ ನಾಲ್ಕೂವರೆ ಶತಮಾನಗಳು ಕಳೆದ ಮೇಲೆಯೂ ‘ಪರದೇಶಿ’ ಎಂಬ ಹೆಸರೇ ನಿಂತಿದೆ. ಆದರೆ ಅಲ್ಲಿ ಅದು ಮೊದಲನೆಯ ಅರ್ಥದ ಪರದೇಶಿ. ಒಂದು ಅರ್ಥದಿಂದ ಮತ್ತೊಂದು ಅರ್ಥಕ್ಕೆ ಜಾರದೆ ನಿಲ್ಲುವುದು ಹೇಗೆ ಎಂಬುದೇ ಹೊರನಾಡಿಗೆ ಒಂಟಿಯಾಗಿ ಹೋದವನ ಮುಖ್ಯ ಸಮಸ್ಯೆ.

‘ಕೋಶ ಓದು, ದೇಶ ಸುತ್ತು’ ಎಂದು ನಮ್ಮ ಗಾದೆ ಅಪ್ಪಣೆ ಕೊಡುತ್ತದೆ. ಸುತ್ತುವವನು ಸಂಜೆ ಯಾರೊಡನೆ ಕುಳಿತು ಉಣ್ಣಬೇಕು ಎಂಬುದನ್ನು ಅದು ಹೇಳುವುದಿಲ್ಲ. ಈ ಲೇಖನವನ್ನು ಓದುವ ಮನೆಗಳಲ್ಲಿ ಮಗನೋ ಮಗಳೋ ಸಮುದ್ರದಾಚೆ ಇರುವ ಮನೆಗಳು ಕೆಲವಾದರೂ ಇರಬಹುದು. ಹೆಬ್ಬಾಳವನ್ನು ದಾಟಿ, ಯಲಹಂಕವನ್ನು ದಾಟಿ, ೨೦೦೮ರಲ್ಲಿ ತೆರೆದ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಹೋಗಿ ಮಕ್ಕಳನ್ನು ಬೀಳ್ಕೊಟ್ಟು ಬರುವುದು ಈಗ ಎಷ್ಟೋ ಸಂಸಾರಗಳಿಗೆ ವಾಡಿಕೆಯಾಗಿದೆ. ಆ ದಾರಿಯ ಎರಡು ಮಗ್ಗುಲಿನ ನೆಲಕ್ಕೆ, ಎಂದರೆ ಯಲಹಂಕ, ಹೆಬ್ಬಾಳ, ಯಶವಂತಪುರಗಳ ನೆಲಕ್ಕೆ, ಹೊರಗಿನಿಂದ ಬಂದವರ ಚರಿತ್ರೆಯೇ ಒಂದುಂಟು. ಅದನ್ನು ಕೊಂಚ ನೋಡೋಣ.

ಹೆಬ್ಬಾಳವು ಹೊಸ ಊರಲ್ಲ. ಗಂಗರ ಶ್ರೀಪುರುಷನ ಕಾಲದ, ಕ್ರಿ. ಶ. ೭೫೦ರ ಸುಮಾರಿನ, ಕಿತ್ತಯ್ಯನೆಂಬ ವೀರನ ಕಲ್ಲೊಂದು ೨೦೧೮ರಲ್ಲಿ ಅಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಈ ಪ್ರಾಂತಕ್ಕೆ ಪೆರ್ಬೊಳಲ್ ನಾಡು ಎಂದು ಹೆಸರು. ಪಿರಿದಾದ ಪೊಳಲು, ಎಂದರೆ ದೊಡ್ಡ ಪಟ್ಟಣ, ಇಂದಿನ ಹೆಬ್ಬಾಳವಾಗಿದೆ. ಯಲಹಂಕವೋ, ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕ ನಾಡು ಎನಿಸಿಕೊಂಡಿತ್ತು. ಕನ್ನಡ ಶಾಸನದ ಮಗ್ಗುಲಿಗೆ ತಮಿಳು ಶಾಸನ ನಿಂತ ನೆಲವಿದು. ಇಲ್ಲಿ ಯಾರು ಮೂಲದವರು, ಯಾರು ಬಂದವರು ಎಂದು ಗೆರೆ ಎಳೆಯಹೊರಟವನು ಬಹಳ ಬೇಗ ಸುಸ್ತಾಗುವನು.

ಯಲಹಂಕ ನಾಡಪ್ರಭುಗಳ ಮಾತನ್ನೇ ತೆಗೆದುಕೊಳ್ಳಿ. ಬಿ. ಎಲ್. ರೈಸ್ ಅವರು ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿಟ್ಟಿರುವ ಐತಿಹ್ಯವನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಂಚಿಯ ಕಡೆಯಿಂದ ಒಕ್ಕಲುಮಕ್ಕಳ ಏಳು ಸಂಸಾರಗಳು ಗಾಡಿಗಳನ್ನು ಕಟ್ಟಿಕೊಂಡು ಹೊರಟು ಬಂದು, ನಂದಿಯ ದುರ್ಗದ ಸಮೀಪದಲ್ಲಿ ರಾಮಸ್ವಾಮಿಬೆಟ್ಟದ ಬುಡದಲ್ಲಿ ತಂಗಿದವು. ತಮ್ಮ ಮನೆಯ ಹೆಣ್ಣುಮಗಳನ್ನು ಅಲ್ಲಿನ ಬಲಶಾಲಿಯೊಬ್ಬನು ಬಲವಂತವಾಗಿ ಕೇಳಿದುದರಿಂದ ರಾತ್ರೋರಾತ್ರಿ ಓಡಿಬಂದರೆಂದು ಕಥೆ. ಅವರು ಮೊರಸು ಒಕ್ಕಲಿಗರು, ಭೈರೇದೇವರ ಒಕ್ಕಲು. ಹದಿನೈದನೆಯ ಶತಮಾನದ ಆದಿಯಲ್ಲಿ ಆವತಿಯಲ್ಲಿ ನೆಲೆಯೂರಿದ ಈ ಜನರ ಶಾಖೆಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಯಲಹಂಕಗಳಿಗೆ ಹರಡಿದವು. ಯಲಹಂಕದ ಶಾಖೆಯವನಾದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದನು. ಬೇರೆ ಸೀಮೆಯಿಂದ ತಲೆತಪ್ಪಿಸಿಕೊಂಡು ಬಂದವರ ವಂಶಸ್ಥನು ನಾಲ್ಕೈದು ತಲೆಮಾರುಗಳಲ್ಲಿ ‘ನಾಡಪ್ರಭು’ ಎನಿಸಿಕೊಂಡನು. ೨೦೧೩ರಲ್ಲಿ ನಮ್ಮ ವಿಮಾನನಿಲ್ದಾಣಕ್ಕೂ ಆತನ ಹೆಸರೇ ಬಂದಿತು. ಆವತಿಯಾದರೋ ಆ ನಿಲ್ದಾಣದಿಂದ ಬಡಗಲಿಗೆ ಕೆಲವೇ ಮೈಲಿ.

ಇದರಲ್ಲಿ ಗಮನಿಸತಕ್ಕ ಮಾತೊಂದಿದೆ. ಈ ಪ್ರಭುಗಳು ತಮ್ಮತನವನ್ನು ಬಿಟ್ಟು ಇಲ್ಲಿಯವರಾದವರಲ್ಲ. ದೇವರನ್ನೂ ಕುಲಾಚಾರವನ್ನೂ ಗಾಡಿಯಲ್ಲಿಯೇ ಹೇರಿಕೊಂಡು ಬಂದಿದ್ದರು. ಆ ವಂಶದ ಪ್ರಭುವಿನ ಹೆಸರಿನಲ್ಲಿರುವ ‘ಗಂಗಾಗೌರೀವಿಲಾಸ’ವೆಂಬ ಯಕ್ಷಗಾನವು ತೆಲುಗಿನಲ್ಲಿದೆ. ಕೆರೆ ಕಟ್ಟಿಸಿ, ಪೇಟೆ ಕಟ್ಟಿಸಿ, ಗುಡಿ ಕಟ್ಟಿಸಿ ನಾಡಿಗೆ ಸೇರಿದರೇ ಹೊರತು ನಾಲಗೆಯನ್ನು ಮಾರಿಕೊಂಡು ಸೇರಲಿಲ್ಲ. ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ‘ಅಲ್ಲಿಯವರಂತೆಯೇ ಆಗಿಬಿಡಿ’ ಎಂದೋ ‘ನಮ್ಮದನ್ನು ಒಂದಿಷ್ಟೂ ಬಿಡಬೇಡಿ’ ಎಂದೋ ಉಪದೇಶಿಸುವ ಹಿರಿಯರಿಗೆ ಈ ಏಳು ಗಾಡಿಗಳ ಕಥೆ ಸ್ವಲ್ಪ ಇಕ್ಕಟ್ಟಿನದೇ.

ಆದರೆ ಅವರು ಏಳು ಸಂಸಾರಗಳವರು. ಉಣ್ಣಲು ಜೊತೆಯಿತ್ತು, ಅಳಲು ಹೆಗಲಿತ್ತು, ಮಕ್ಕಳಿಗೆ ಹೆಣ್ಣುಗಂಡು ನೋಡಲು ತಮ್ಮಲ್ಲಿಯೇ ಮನೆಗಳಿದ್ದವು. ಒಂಟಿಯಾಗಿ ಬಂದವನ ಪಾಡು ಬೇರೆ. ಅವನಿಗಾಗಿ ನಮ್ಮ ದೇಶದಲ್ಲಿ ಹಿಂದೆ ಇದ್ದ ಏರ್ಪಾಡು ಒಂದು ವಾರಾನ್ನ. ಹಳ್ಳಿಯಿಂದ ಓದಲು ಬಂದ ಬಡಹುಡುಗನು ಏಳು ಮನೆಗಳನ್ನು ಗೊತ್ತು ಮಾಡಿಕೊಳ್ಳುವನು. ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಊಟ. ಇದನ್ನು ಬಡತನದ ಕಥೆಯೆಂದು ಮಾತ್ರ ಹೇಳುವುದು ರೂಢಿ. ನಮಗೆ ತೋರುವಂತೆ ಅದರ ಲಾಭವು ಅನ್ನದಲ್ಲಿ ಮುಗಿಯುತ್ತಿರಲಿಲ್ಲ. ಪರಸ್ಥಳದಲ್ಲಿ ಏಳು ಅಡಿಗೆಮನೆಗಳು ಆ ಹುಡುಗನ ಮುಖವನ್ನು ಬಲ್ಲವಾಗಿದ್ದುವು; ಒಂದು ದಿನ ಅವನು ಬಾರದಿದ್ದರೆ ‘ಏಕೆ ಬರಲಿಲ್ಲ, ಜ್ವರವೇ?’ ಎಂದು ಕೇಳುವವರಿದ್ದರು. ಇದರ ದೋಷವನ್ನೂ ಮುಚ್ಚಿಡಬಾರದು. ಈ ಏಳು ಬಾಗಿಲುಗಳು ತೆರೆಯುತ್ತಿದ್ದುದು ಜಾತಿಯನ್ನು ಕೇಳಿಕೊಂಡು. ಯಾರಿಗೆ ಅವು ತೆರೆಯಲಿಲ್ಲವೋ ಅವರು ತಮ್ಮವರಿಗಾಗಿ ತಾವೇ ಮನೆ ಕಟ್ಟಬೇಕಾಯಿತು. ೧೯೦೬ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದ ಕೆಲಸದಲ್ಲಿ ವಿದ್ಯಾರ್ಥಿನಿಲಯಗಳಿಗೆ ಸಂದ ಸ್ಥಾನವೂ, ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರಿಗೆ ನಿಲ್ಲಿಸಿದ ಛತ್ರ, ವಿದ್ಯಾರ್ಥಿನಿಲಯಗಳೂ ಈ ಅಗತ್ಯದಿಂದಲೇ ಬಂದವು. ರೈಲಿಳಿದವನಿಗೆ ಮೊದಲು ಕಾಣಬೇಕಾದುದು ಒಂದು ಬಾಗಿಲು ಎಂಬುದನ್ನು ತೋಟದಪ್ಪನವರು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನು ಸಮುದ್ರ ದಾಟಿ ಬಂದವರ ವಿಚಾರ. ೧೮೯೯ರಲ್ಲಿ ಮಹಾರಾಣಿ ರೀಜೆಂಟರಾದ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ೩೦ ಎಕರೆ ನೆಲವನ್ನು ವ್ಯವಸಾಯದ ಪರೀಕ್ಷೆಗಳಿಗಾಗಿ ಬಿಟ್ಟುಕೊಟ್ಟರು. ಮಣ್ಣಿನ ರಸಾಯನವನ್ನು ನೋಡಲು ಲೇಮನ್ ಎಂಬ ವಿದ್ವಾಂಸರು ಬಂದರು. ಅವರ ಬಳಿಕ, ೧೯೦೮ರಲ್ಲಿ, ಬೂಷ್ಟುರೋಗಗಳನ್ನೂ ಹುಳುಗಳನ್ನೂ ಕುರಿತ ಶಾಸ್ತ್ರಜ್ಞರಾಗಿ ಬಂದವರು ಲೆಸ್ಲಿ ಕೋಲ್‌ಮನ್. ಕೆನಡಾ ದೇಶದ ಆಂಟೇರಿಯೋ ಪ್ರಾಂತದವರು. ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಟಿಂಗೆನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದವರು. ವಯಸ್ಸು ಮೂವತ್ತರ ಆಸುಪಾಸು. ಮುಂದೆ ಅವರು ಸಂಸ್ಥಾನದ ವ್ಯವಸಾಯ ಇಲಾಖೆಯ ಮೊದಲನೆಯ ಡೈರೆಕ್ಟರಾಗಿ ೧೯೩೪ರವರೆಗೆ ಇಲ್ಲಿಯೇ ಇದ್ದರು. ಹೆಬ್ಬಾಳದ ವ್ಯವಸಾಯ ಶಾಲೆ ೧೯೧೩ರಲ್ಲಿ ಆರಂಭವಾಯಿತು. ಅದು ೧೯೪೬ರಲ್ಲಿ ಕಾಲೇಜಾಗಿ, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಆಗಿನ ಬೆಂಗಳೂರಿನಲ್ಲಿ ಬಿಳಿಯ ಮೈಯವನಿಗೆ ಒಂಟಿತನದ ಭಯ ಅಷ್ಟಾಗಿ ಇರಲಿಲ್ಲ. ದಂಡಿನಲ್ಲಿ ಸಿದ್ಧವಾಗಿ ಒಂದು ವಿಲಾಯತಿಯೇ ಕಾದಿತ್ತು. ೧೮೬೮ರಲ್ಲಿ ಏರ್ಪಟ್ಟ ಕ್ಲಬ್ಬು, ಇಗರ್ಜಿಗಳು, ಚೆಂಡಾಟದ ಬಯಲು, ತಮ್ಮ ಭಾಷೆ, ತಮ್ಮ ಅಡಿಗೆ. ದೇಶೀಯರಿಗೆ ಆ ಬಾಗಿಲುಗಳು ಸುಲಭವಾಗಿ ತೆರೆಯುತ್ತಿರಲಿಲ್ಲ. ಅಲ್ಲಿ ಇಪ್ಪತ್ತು ವರ್ಷ ಬಾಳಿ, ಪೇಟೆಯ ಒಂದು ಬೀದಿಯನ್ನೂ ಅರಿಯದೆ ಹಡಗು ಹತ್ತಬಹುದಾಗಿತ್ತು. ಇಂದು ಹೊರದೇಶಗಳಲ್ಲಿ ನಮ್ಮವರು ಕಟ್ಟಿಕೊಳ್ಳುವ ಬಿಡಾರಗಳಿಗೂ ಇದಕ್ಕೂ ಬಹಳ ಅಂತರವಿಲ್ಲವೆಂದರೆ ಕೆಲವರಿಗೆ ಸಿಟ್ಟು ಬರಬಹುದು. ದಂಡಿನ ಹಿಂದೆ ಅಧಿಕಾರವಿತ್ತು, ನಮ್ಮವರ ಬಿಡಾರದ ಹಿಂದೆ ಅದಿಲ್ಲ; ವ್ಯತ್ಯಾಸ ಮುಖ್ಯವಾಗಿ ಅಷ್ಟೆ.

ಕೋಲ್‌ಮನ್ನರನ್ನು ಈ ದಂಡಿನ ಬಾಳಿನಿಂದ ಬಹುದೂರಕ್ಕೆ ಎಳೆದುದು ಮಲೆನಾಡಿನ ಅಡಕೆಗೆ ಬಂದ ಕೊಳೆರೋಗ. ಆರಿದ್ರಾ ಪುನರ್ವಸುಗಳ ಮಳೆ ಬಿಡದೆ ಹೊಯ್ಯುವ ಹೊತ್ತಿಗೆ ಎಳೆಯ ಅಡಕೆ ಕೊಳೆತು ಗೊನೆಯಿಂದ ಉದುರಿ ತೋಟದ ನೆಲವನ್ನೆಲ್ಲ ಮುಚ್ಚುವ ಪಿಡುಗು ಅದು. ಬೆಳೆಗಾರರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಅದು ಶ್ರಮದ ಕೆಲಸ, ವೆಚ್ಚದ ಕೆಲಸ. ಕೋಲ್‌ಮನ್ನರು ರೋಗಕ್ಕೆ ಕಾರಣವಾದ ಬೂಷ್ಟನ್ನು ಗುರುತಿಸಿ, ಮಳೆಗಾಲ ಹಿಡಿಯುವ ಮುನ್ನವೇ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಉಪಾಯವನ್ನು ನೆಲೆಗೊಳಿಸಿದರು. ಮಳೆಗೆ ತೊಳೆದುಹೋಗದಂತೆ ಅದಕ್ಕೆ ರಾಳದ ಅಂಟನ್ನು ಕೂಡಿಸಲಾಯಿತು. ಬೋರ್ಡೋ ದ್ರಾವಣವೆಂಬ ಹೆಸರೇ ಹೇಳುವಂತೆ ಅದು ಫ್ರಾನ್ಸಿನ ದ್ರಾಕ್ಷಿತೋಟಗಳ ಮದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕ ಈಗ ಮಲೆನಾಡಿನಲ್ಲಿ ಅಕ್ಷರ ಬಾರದವರ ಬಾಯಲ್ಲಿಯೂ ಇದೆ.

ಹೇಳುವುದು ಸುಲಭ. ಆದರೆ ಅಡಕೆಯ ಮರವನ್ನು ಹತ್ತಿ ತುದಿಯಿಂದ ತುದಿಗೆ ದಾಟುವ ಕೊನೆಗೌಡನ ಕೈಯಲ್ಲಿ ಹೊಸದೊಂದು ಯಂತ್ರವನ್ನು ಕೊಟ್ಟು, ದೇವರಿಗೆ ಇಡುವ ಅಡಕೆಯ ಮೇಲೆ ನೀಲಿ ನೀರನ್ನು ಎರಚಲು ತೋಟದ ಯಜಮಾನನನ್ನು ಒಪ್ಪಿಸುವುದು ಕಾಗದದ ಮೇಲಿನ ಕೆಲಸವಲ್ಲ. ಅದಕ್ಕೆ ತೋಟಕ್ಕೇ ಹೋಗಬೇಕು, ಜಿಗಣೆಗೆ ಕಾಲು ಕೊಡಬೇಕು, ಒಂದು ಮಳೆಗಾಲ ಕಳೆದು ಗೊನೆ ಉಳಿದುದನ್ನು ಕಣ್ಣಿಗೆ ತೋರಿಸಬೇಕು. ಪರದೇಶದವನ ಮಾತು ನಿಲ್ಲುವುದು ಅವನ ಮಾತಿನಿಂದಲ್ಲ, ಮುಂದಿನ ಫಸಲಿನಿಂದ. ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಏರ್ಪಟ್ಟ ಕಾಫಿ ಸಂಶೋಧನ ಕೇಂದ್ರಕ್ಕೂ ಕೋಲ್‌ಮನ್ನರ ಪ್ರಯತ್ನವೇ ಕಾರಣ. ಈ ಇಪ್ಪತ್ತಾರು ವರ್ಷಗಳಲ್ಲಿ ಅವರು ಇಲ್ಲಿಯವರಾದರೇ? ಆಗಲಿಲ್ಲವೆಂದೇ ಹೇಳಬೇಕು, ಕೊನೆಗೆ ತಮ್ಮ ದೇಶಕ್ಕೆ ಹಿಂದಿರುಗಿ ೧೯೫೪ರಲ್ಲಿ ತೀರಿಕೊಂಡರು. ಆದರೆ ಮಲೆನಾಡಿನಲ್ಲಿ ಅವರು ಪರದೇಶಿಯೂ ಆಗಿರಲಿಲ್ಲ. ಒಬ್ಬನನ್ನು ಬಂಧುವೆಂದು ಕರೆಯದೆಯೂ, ಪಂಕ್ತಿಯಲ್ಲಿ ಕೂರಿಸದೆಯೂ, ಊರು ಅವನನ್ನು ತನ್ನ ಲೆಕ್ಕದಲ್ಲಿ ಸೇರಿಸಿಕೊಳ್ಳಬಹುದು. ಇದು ಪೂರ್ಣವಾದ ಸಂಬಂಧವಲ್ಲ ನಿಜ. ಆದರೆ ಹುಸಿಯಾದುದೂ ಅಲ್ಲ.

ಪ್ರಸಂಗಬಂದುದರಿಂದ ಒಂದು ಮಾತು. ಕೋಲ್‌ಮನ್ನರು ಕೆನಡಾದಿಂದ ಇಲ್ಲಿಗೆ ಬರುವುದಕ್ಕೆ ಮೂವತ್ತು ವರ್ಷಗಳಿಗೂ ಮುಂಚೆಯೇ ನಮ್ಮ ‘ಕೊಳೆರೋಗ’ ಎಂಬ ಮಾತು ಇಲ್ಲಿಂದ ಅಲ್ಲಿಗೆ ಹೋಗಿತ್ತು. ಕಾಫಿಯ ಗಿಡಕ್ಕೆ ಬರುವ ಅದೇ ಹೆಸರಿನ ರೋಗದ ಬೂಷ್ಟಿಗೆ ೧೮೭೬ರಲ್ಲಿ ಕುಕ್ ಎಂಬ ಆಂಗ್ಲ ಶಾಸ್ತ್ರಜ್ಞನು ‘ಪೆಲ್ಲಿಕುಲೇರಿಯ ಕೊಳೆರೋಗ’ ಎಂದೇ ಲ್ಯಾಟಿನ್ನಿನ ರೀತಿಯಲ್ಲಿ ನಾಮಕರಣ ಮಾಡಿದನು. ಕನ್ನಡದ ಶಬ್ದವೊಂದು ಗಂಡಾಂತರದ ಹೆಸರಾಗಿ ಪರದೇಶದಲ್ಲಿ ನೆಲೆಸಿತು! ಇನ್ನೊಂದು ಸೋಜಿಗ ಹೆಬ್ಬಾಳದ ಹೊಲದಲ್ಲಿಯೇ ಇದೆ. ೧೯೧೮ರಲ್ಲಿ ಅಲ್ಲಿಂದ ಎಚ್‌-೨೨ ಎಂಬ ರಾಗಿಯ ತಳಿ ಹೊರಬಂದಿತು. ನಮ್ಮ ಮಣ್ಣಿನ ಮಗನೆಂದೇ ನಾವು ಎಣಿಸುವ ಈ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಬಂದುದರಿಂದ ಅದರ ಪರದೇಶಿತನವನ್ನು ನಾವು ಮರೆತಿದ್ದೇವೆ. ಮುಂದೆ ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಬೆಳೆಸಿದ ತಳಿಗಳಿಗೆ ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳನ್ನೂ ಬೆಸೆದು ‘ಇಂಡಾಫ್’ ಎಂದು ಹೆಸರಾಯಿತು. ಬಹುಕಾಲದ ಹಿಂದೆ ಅಗಲಿದ ನೆಂಟರ ಭೇಟಿಯಂತೆ ಅದು.

ಹೆಬ್ಬಾಳದ ಇಲಾಖೆಯಿಂದ ಹೊರಕ್ಕೆ ಹೋದವರೂ ಉಂಟು. ಕೋಲ್‌ಮನ್ನರು ಬಂದ ವರ್ಷವೇ ಅವರಿಗೆ ಸಹಾಯಕರಾಗಿ ಸೇರಿದವರು ಕುಂಞಿಕಣ್ಣನ್ ಎಂಬ ತರುಣರು. ೧೮೮೪ರಲ್ಲಿ ಮಲೆಯಾಳದ ಕಣ್ಣೂರಿನಲ್ಲಿ ಹುಟ್ಟಿದವರು. ಮೈಸೂರಿಗೆ ಅವರೂ ಹೊರಗಿನವರೇ. ಮುಂದೆ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದು, ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರ ಪದವಿಗೆ ಬಂದ ಮೊದಲ ಭಾರತೀಯರೆನಿಸಿದರು. ಅವರು ಕಂಡ ಕಾಲದ ಕ್ಯಾಲಿಫೋರ್ನಿಯ ಭಾರತೀಯನಿಗೆ ಹಿತವಾದ ನೆಲವಾಗಿರಲಿಲ್ಲ. ೧೯೧೩ರಲ್ಲಿ ಅಲ್ಲಿ ಏಷ್ಯದವರು ಭೂಮಿಯನ್ನು ಕೊಳ್ಳದಂತೆ ಕಾಯಿದೆಯಾಯಿತು. ೧೯೧೭ರಲ್ಲಿ ಭಾರತದಿಂದ ಕೂಲಿಗೆ ಹೋಗುವವರಿಗೆ ಬಾಗಿಲು ಮುಚ್ಚಿತು. ೧೯೨೩ರಲ್ಲಿ, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯನು ‘ಬಿಳಿಯ ಮನುಷ್ಯ’ನಲ್ಲವಾದ ಕಾರಣ ಪ್ರಜೆಯಾಗಲಾರನೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಕುಂಞಿಕಣ್ಣನ್ನರು ೧೯೨೭ರಲ್ಲಿ ‘ದಿ ವೆಸ್ಟ್’ ಎಂಬ ಗ್ರಂಥವನ್ನೂ, ೧೯೩೧ರಲ್ಲಿ, ತಾವು ತೀರಿಕೊಂಡ ವರ್ಷ, ‘ಎ ಸಿವಿಲಿಜೇಷನ್ ಅಟ್ ಬೇ’ ಎಂಬ ಇನ್ನೊಂದನ್ನೂ ಪ್ರಕಟಿಸಿದರು. ಹುಳುಗಳನ್ನು ಕುರಿತು ಪತ್ರಿಕೆಗಳನ್ನು ಬರೆಯುತ್ತಿದ್ದ ಸರ್ಕಾರೀ ನೌಕರರು ಎರಡು ನಾಗರಿಕತೆಗಳ ತೂಕಕ್ಕೆ ಕೈ ಹಾಕಿದುದು ಸಾಮಾನ್ಯವಲ್ಲ. ಪರದೇಶದ ವಾಸದಿಂದ ದೊರೆಯುವ ಲಾಭಗಳಲ್ಲಿ ಇದೂ ಒಂದು: ಎರಡು ಮನೆಗಳ ಹೊಸಿಲ ಮೇಲೆ ನಿಂತವನಿಗೆ ಎರಡು ಮನೆಗಳ ಒಳಗೂ ಕಾಣುತ್ತದೆ.

ಅದೇ ಕಾಲದ ಅಮೆರಿಕದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ೧೯೦೯ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಮೆಟ್ಟಲುಗಳ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬವರು ಎದುರಿಗೆ ಬಂದ ಚೀಣೀ ವಿದ್ಯಾರ್ಥಿಯೊಬ್ಬನಿಗೆ ದಾರಿಯ ಮೇಲೆ ಹೋಗುವವರು ಮಾಡುವಂತೆ ವಂದನೆ ಹೇಳಿ ಮುಂದೆ ನಡೆದರು. ಹುಡುಗನು ಅವರನ್ನು ತಡೆದು ಕೃತಜ್ಞತೆಯನ್ನು ತಿಳಿಸಿದನು: ತಾನು ಆ ಊರಿಗೆ ಬಂದು ಮೂರು ವಾರಗಳಾದರೂ ತನ್ನನ್ನು ಮಾತನಾಡಿಸಿದವರಲ್ಲಿ ಅವರೇ ಮೊದಲಿಗರಂತೆ. ಎಡ್ಮಂಡ್ಸ್ ದಂಪತಿಗಳು ಭಾನುವಾರಗಳಂದು ಹೊರದೇಶದ ವಿದ್ಯಾರ್ಥಿಗಳನ್ನು ಮನೆಗೆ ಊಟಕ್ಕೆ ಕರೆಯತೊಡಗಿದರು. ಅದು ಬೆಳೆದು, ರಾಕ್‌ಫೆಲರ್ ಅವರ ಹಣದಿಂದ ೧೯೨೪ರಲ್ಲಿ ನ್ಯೂಯಾರ್ಕಿನಲ್ಲಿಯೂ, ೧೯೩೦ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿಯೂ ‘ಇಂಟರ್‌ನ್ಯಾಷನಲ್ ಹೌಸ್’ ಎಂಬ ನಿವಾಸಗಳಾದವು. ಬರ್ಕ್ಲಿಯಲ್ಲಿ, ಬೇರೆ ಬೇರೆ ಬಣ್ಣದವ�ರು ಒಂದೇ ಸೂರಿನ ಕೆಳಗೆ ವಾಸಿಸುವುದನ್ನು ಊರಿನ ಮನೆಮಾಲಿಕರು ಬಲವಾಗಿ ವಿರೋಧಿಸಿದರು. ಭಾನುವಾರದ ಊಟವೆಂಬುದು ನಮ್ಮ ವಾರಾನ್ನದ ಒಂದು ಮನೆಯಷ್ಟೆ. ವ್ಯತ್ಯಾಸವೆಂದರೆ ಅವರು ಜಾತಿಯನ್ನು ಕೇಳಲಿಲ್ಲ.

ಈಗ ಯಶವಂತಪುರದ ಕಡೆಗೆ ಬರೋಣ. ಮಹಾರಾಜರು ಕೊಟ್ಟ ೩೭೧ ಎಕರೆ ನೆಲದಲ್ಲಿ ೧೯೦೯ರಲ್ಲಿ ಸ್ಥಾಪಿತವಾದ, ಜನರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ವಿಜ್ಞಾನಮಂದಿರ ಅದರ ಮಗ್ಗುಲಲ್ಲಿದೆ. ಸರ್ ಸಿ. ವಿ. ರಾಮನ್ನರು ೧೯೩೩ರಲ್ಲಿ ಅದರ ಡೈರೆಕ್ಟರಾಗಿ ಬಂದರು. ತಿರುಚಿರಾಪಳ್ಳಿಯ ಕಡೆಯವರಾದ ಅವರು ಕಲ್ಕತ್ತೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದವರು. ಅವರು ಬಂದ ವರ್ಷವೇ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ತರುಣಿ ಸಂಶೋಧನೆಗೆ ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದವರು. ಆದರೂ ಹೆಂಗಸೆಂಬ ಕಾರಣದಿಂದ ರಾಮನ್ನರು ಒಪ್ಪಲಿಲ್ಲ. ಆಕೆ ಹಟ ಹಿಡಿದು ಕುಳಿತ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ, ಕೆಲವು ಕಟ್ಟುಗಳೊಡನೆ, ಸೇರಿಸಿಕೊಂಡರು. ಶ್ರೀನಿವಾಸಯ್ಯನವರ ಕೈಕೆಳಗೆ ಆಕೆ ದುಡಿದುದನ್ನು ನೋಡಿ ರಾಮನ್ನರ ಮನಸ್ಸು ತಿರುಗಿ, ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ದೊರೆಯಿತು. ಸ್ವದೇಶದಲ್ಲಿಯೇ ಹೀಗಾದ ಆಕೆಗೆ ಕೇಂಬ್ರಿಜ್ಜಿನಲ್ಲಿ ಏನಾಯಿತು ನೋಡಿ. ೧೯೩೭ರಲ್ಲಿ ಅಲ್ಲಿಗೆ ಹೋದಾಗ, ರಾತ್ರಿಯ ವೇಳೆ ಕೆಲಸ ಮಾಡುತ್ತಿದ್ದ ಡಾಕ್ಟರ್ ರಿಕ್ಟರ್ ಎಂಬವರು ಹಗಲು ತಮ್ಮ ಮೇಜನ್ನೇ ಆಕೆಗೆ ಬಿಟ್ಟುಕೊಟ್ಟರು. ೧೯೩೯ರಲ್ಲಿ ಡಾಕ್ಟರ್ ಪದವಿಯೊಡನೆ ಆಕೆ ಹಿಂದಿರುಗಿದರು; ಕಮಲಾ ಸೊಹೊನಿ ಎಂದು ಮುಂದೆ ಪ್ರಸಿದ್ಧರಾದವರು ಇವರೇ. ಪರದೇಶವು ಮೇಜು ಕೊಟ್ಟಿತು, ಸ್ವದೇಶವು ಷರತ್ತು ಹಾಕಿತು. ಇದರಿಂದ ಒಂದು ನಿಯಮವನ್ನು ತೆಗೆಯಹೊರಡಬಾರದು. ಏಕೆಂದರೆ ಮುಂದಿನ ಕಥೆ ಬೇರೆ ತರದ್ದು.

ಜರ್ಮನಿಯಲ್ಲಿ ೧೯೩೩ರಲ್ಲಿ ಹಿಟ್ಲರನ ಸರ್ಕಾರವು ಯೆಹೂದ್ಯ ವಿದ್ವಾಂಸರನ್ನು ಪೀಠಗಳಿಂದ ಇಳಿಸಿತಷ್ಟೆ. ಗಟಿಂಗೆನ್ನಿನ ಭೌತಶಾಸ್ತ್ರದ ಪ್ರಾಧ್ಯಾಪಕ ಮ್ಯಾಕ್ಸ್ ಬಾರ್ನರು ಅವರಲ್ಲಿ ಒಬ್ಬರು. ಕೋಲ್‌ಮನ್ನರು ಪದವಿ ಪಡೆದ ಅದೇ ವಿದ್ಯಾಪೀಠದಿಂದ ಇವರು ಹೊರದೂಡಲ್ಪಟ್ಟರು. ಕೆಲಕಾಲ ಕೇಂಬ್ರಿಜ್ಜಿನಲ್ಲಿದ್ದು, ರಾಮನ್ನರ ಆಹ್ವಾನದ ಮೇಲೆ ೧೯೩೫ರಲ್ಲಿ ಪತ್ನಿ ಹೆಡ್ವಿಗ್ ಅವರೊಡನೆ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಉಪನ್ಯಾಸಗಳನ್ನು ಕೊಟ್ಟರು. ವಯಸ್ಸು ಐವತ್ತು ಮೀರಿತ್ತು. ದೇಶ ಹೋಗಿತ್ತು, ಕೆಲಸ ಹೋಗಿತ್ತು. ಇಲ್ಲಿ ಅವರಿಗೆ ಆದರವಿತ್ತು, ಕೇಳುವ ವಿದ್ಯಾರ್ಥಿಗಳಿದ್ದರು. ನೆಲೆಸುವುದಾದರೆ ನೆಲೆಸಬಹುದೆಂಬ ಆಸೆಯೂ ಹುಟ್ಟಿತು. ಅವರಿಗೆ ಖಾಯಂ ಪ್ರಾಧ್ಯಾಪಕ ಪದವಿಯನ್ನು ಕೊಡಬೇಕೆಂದು ರಾಮನ್ನರು ಅಧ್ಯಾಪಕರ ಸಭೆಯಲ್ಲಿ ಪ್ರಸ್ತಾಪವನ್ನು ಮಂಡಿಸಿ ಬಾರ್ನರನ್ನು ಬಹಳವಾಗಿ ಹೊಗಳಿದರು. ಆಗ ಆಸ್ಟನ್ ಎಂಬ ಆಂಗ್ಲ ಪ್ರಾಧ್ಯಾಪಕರು ಎದ್ದು ನಿಂತು, ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶದವನೊಬ್ಬನು ನಮಗೆ ಸಾಲನು ಎಂಬ ಅರ್ಥದ ಮಾತನ್ನು, ಬಾರ್ನರು ಎದುರಿಗೆ ಕುಳಿತಿರುವಾಗಲೇ, ಆಡಿದರು. ಆಸ್ಟನ್ ದಂಪತಿಗಳಿಗೂ ಬಾರ್ನ್ ದಂಪತಿಗಳಿಗೂ ಅದಕ್ಕೆ ಮುಂಚೆ ಸ್ನೇಹವಿತ್ತು. ಮನೆಗೆ ಹಿಂದಿರುಗಿ ಹೆಂಡತಿಯ ಮುಂದೆ ತಾವು ಅತ್ತುದನ್ನು ಬಾರ್ನರೇ ಮುಂದೆ ಬರೆದಿಟ್ಟಿದ್ದಾರೆ.

ಈ ಪ್ರಸಂಗವನ್ನು ವಿಜ್ಞಾನದ ಚರಿತ್ರೆಯಲ್ಲಿ ರಾಮನ್ನರ ಆಡಳಿತದ ಗುಣದೋಷಗಳ ಪ್ರಕರಣದಲ್ಲಿ ಸೇರಿಸುವುದು ವಾಡಿಕೆ. ಅದರ ಪರಿಣಾಮವು ಅತ್ತಲೂ ಹೋಯಿತು ನಿಜ. ೧೯೩೬ರಲ್ಲಿ ಸರ್ ಜೇಮ್ಸ್ ಇರ್ವಿನ್ನರ ಸಮಿತಿಯ ವಿಚಾರಣೆ ನಡೆದು, ೧೯೩೭ರಲ್ಲಿ ರಾಮನ್ನರು ಡೈರೆಕ್ಟರ್ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಅದರಲ್ಲಿ ಬೇರೆ ಒಂದು ತಿರುಳಿದೆ. ಬಾರ್ನರನ್ನು ಪರದೇಶದವನೆಂದು ತಳ್ಳಿದವರು ಮಲ್ಲೇಶ್ವರದವರಲ್ಲ, ಯಶವಂತಪುರದವರಲ್ಲ, ಮೈಸೂರಿನವರೇ ಅಲ್ಲ. ಆರು ಸಾವಿರ ಮೈಲಿಯಾಚೆಯಿಂದ ಬಂದ ಇನ್ನೊಬ್ಬ ಪರದೇಶದವರು. ‘ನಮಗೆ’ ಎಂಬ ಶಬ್ದವನ್ನು ಉಪಯೋಗಿಸಲು ಅವರಿಗೆ ಇದ್ದ ಅಧಿಕಾರವೇನು ಎಂದು ಆ ಸಭೆಯಲ್ಲಿ ಯಾರಾದರೂ ಕೇಳಬಹುದಾಗಿತ್ತು. ಮೊದಲು ರೈಲು ಹತ್ತಿದವನು ಮುಂದಿನ ನಿಲ್ದಾಣದಲ್ಲಿ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಪರಸ್ಥಳದಲ್ಲಿ ಹೊಸಬನಿಗೆ ಅತಿ ಕಠಿಣವಾದ ನ್ಯಾಯಾಧೀಶನು ಅನೇಕ ವೇಳೆ ಮೂಲನಿವಾಸಿಯಲ್ಲ, ನಿನ್ನೆ ಬಂದವನು. ಬಾರ್ನರ ಇನ್ನೊಂದು ಕಷ್ಟವನ್ನೂ ಹೇಳಬೇಕು. ಅವರಿಗೆ ಇಲ್ಲಿದ್ದ ಬೇರು ಒಂದೇ: ರಾಮನ್ನರು. ಒಬ್ಬನೇ ಆಶ್ರಯದಾತನನ್ನು ನಂಬಿ ಬಂದವನಿಗೆ ಆಶ್ರಯದಾತನ ಶತ್ರುಗಳೆಲ್ಲ ಬಳುವಳಿಯಾಗಿ ಬರುತ್ತಾರೆ. ಮಲೆನಾಡಿನ ತೋಟಗಳಲ್ಲಿ ಕೋಲ್‌ಮನ್ನರಿಗೆ ಇದ್ದಂಥ ಸಾವಿರ ಸಣ್ಣ ಬೇರುಗಳು ಆರು ತಿಂಗಳಲ್ಲಿ ಬಿಡತಕ್ಕವಲ್ಲ. ೧೯೩೬ರಲ್ಲಿ ಬಾರ್ನರಿಗೆ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪೀಠ ದೊರೆಯಿತು. ೧೯೫೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಎರಡನೆಯ ದರ್ಜೆಯ ಮಾತಿಗೆ ಉತ್ತರ ದೊರೆತುದು ಹದಿನೆಂಟು ವರ್ಷಗಳ ಮೇಲೆ.

ರಾಮನ್ನರೋ, ಇಲ್ಲಿಂದ ಕದಲಲಿಲ್ಲ. ೧೯೪೮ರಲ್ಲಿ ಹೆಬ್ಬಾಳದ ದಾರಿಯಲ್ಲಿ ತಮ್ಮದೇ ಸಂಶೋಧನಮಂದಿರವನ್ನು ತೆರೆದು, ೧೯೭೦ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ಬಾರ್ನರು ಹೋದ ಮೂರು ವರ್ಷಕ್ಕೆ, ೧೯೩೯ರಲ್ಲಿ, ಅವರ ಸೋದರಳಿಯನೇ ಬೆಂಗಳೂರಿಗೆ ಬಂದರೆಂಬುದು ಬಹಳ ಮಂದಿಗೆ ತಿಳಿಯದು. ಹೆಸರು ಆಟೋ ಕೊನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ ೧೯೦೮ರಲ್ಲಿ ಹುಟ್ಟಿ ಅಲ್ಲಿಯೇ ವಾಸ್ತುಶಿಲ್ಪವನ್ನು ಕಲಿತವರು. ೧೯೩೩ರಲ್ಲಿ ಆ ದೇಶದ ಪ್ರತಿಷ್ಠಿತ ಬಹುಮಾನವೊಂದನ್ನು ಗೆದ್ದ ವರ್ಷವೇ ಅವರೂ ಕೆಲಸ ಕಳೆದುಕೊಂಡರು. ಈಜಿಪ್ಟಿನಲ್ಲಿ ಕೆಲವು ವರ್ಷ ಪುರಾತನ ಕಟ್ಟಡಗಳ ಅಳತೆಯಲ್ಲಿ ಕಳೆದು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಆ ವರ್ಷವೇ ಯುದ್ಧ ಹತ್ತಿಕೊಂಡಿತು. ಹಿಂದಕ್ಕೆ ಹೋಗಲು ದೇಶವಿಲ್ಲ. ಜರ್ಮನಿಗೆ ಅವರು ಯೆಹೂದ್ಯರು, ಇಂಗ್ಲಿಷರಿಗೆ ಜರ್ಮನ್ನರು. ಪರದೇಶಿ ಎಂಬ ಮಾತಿನ ಎರಡು ಅರ್ಥಗಳೂ ಒಬ್ಬನಲ್ಲಿ ಇಷ್ಟು ಪೂರ್ತಿಯಾಗಿ ಕೂಡುವುದು ಅಪರೂಪ.

ಅವರಿಗೂ ಮಿರ್ಜಾರವರೆಂಬ ಆಶ್ರಯದಾತರಿದ್ದರು. ೧೯೪೧ರಲ್ಲಿ ಮಿರ್ಜಾರವರು ದಿವಾನಗಿರಿಯನ್ನು ಬಿಟ್ಟು ಹೋದರು, ಕೊನಿಗ್ಸ್‌ಬರ್ಗರ್ ಉಳಿದರು. ಸೋದರಮಾವನಿಗೆ ದೊರೆಯದ ಕಾಲಾವಕಾಶ ಅಳಿಯನಿಗೆ ದೊರೆಯಿತು. ಅವರ ಕಸುಬು ಅಂಥದು: ಮೇಸ್ತ್ರಿಯೊಡನೆ ಮಾತನಾಡಬೇಕು, ಇಟ್ಟಿಗೆಯ ಗೂಡಿಗೆ ಹೋಗಬೇಕು, ಮೈಸೂರಿನ ಬಿಸಿಲು ಯಾವ ತಿಂಗಳಲ್ಲಿ ಯಾವ ಗೋಡೆಯನ್ನು ಕಾಯಿಸುತ್ತದೆ, ಮಳೆಗಾಳಿ ಯಾವ ಕಿಟಕಿಯಿಂದ ಒಳಕ್ಕೆ ನುಗ್ಗುತ್ತದೆ ಎಂಬುದನ್ನು ಕಲಿಯಬೇಕು. ಬರ್ಲಿನ್ನಿನ ಗಾಜಿನ ಗೋಡೆ ಇಲ್ಲಿ ಒಲೆಯಾಗುತ್ತದೆ ಎಂಬ ಪಾಠವನ್ನು ಪುಸ್ತಕದಿಂದ ಕಲಿಯಲಾಗದು. ಭದ್ರಾವತಿಯ ನಗರಯೋಜನೆಯೂ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ೧೯೪೦ರ ದಶಕದ ಹಲವು ಕಟ್ಟಡಗಳೂ ಅವರವು. ವಿಮಾನಶಾಸ್ತ್ರದ ವಿಭಾಗ, ಲೋಹಶಾಸ್ತ್ರದ ವಿಭಾಗ, ವಿದ್ಯಾರ್ಥಿಗಳ ಭೋಜನಶಾಲೆ, ಸಭಾಭವನ: ಸೋದರಮಾವನನ್ನು ಎರಡನೆಯ ದರ್ಜೆಯವನೆಂದು ಹಳಿದ ಅಂಗಳದಲ್ಲಿಯೇ ಅಳಿಯನು ಒಂದೊಂದಾಗಿ ಇವನ್ನು ಎಬ್ಬಿಸಿದನು.

೧೯೪೮ರಲ್ಲಿ ಹೊಸ ಭಾರತ ಸರ್ಕಾರವು ಕೊನಿಗ್ಸ್‌ಬರ್ಗರ್ ಅವರನ್ನು ಗೃಹನಿರ್ಮಾಣದ ಡೈರೆಕ್ಟರಾಗಿ ದಿಲ್ಲಿಗೆ ಕರೆಸಿಕೊಂಡಿತು. ದೇಶವಿಭಾಗದಿಂದ ಮನೆ ಕಳೆದುಕೊಂಡವರಿಗೆ ಸೂರು ಒದಗಿಸುವ ಹೊಣೆ ಅದು. ಮನೆ ಕಳೆದುಕೊಂಡವನ ಕೈಗೇ ಬಂದಿತು. ೧೯೫೦ರ ದಶಕದಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣದೇಶಗಳ ವಾಸ್ತುಶಿಲ್ಪದ ವಿಭಾಗಕ್ಕೆ ಮುಖ್ಯಸ್ಥರಾದರು. ಆಫ್ರಿಕ, ಏಷ್ಯಗಳ ಹೊಸ ರಾಷ್ಟ್ರಗಳಿಂದ ಚಳಿಯ ಊರಿಗೆ ಬಂದ ತರುಣರಿಗೆ ಮೈಸೂರಿನ ಬಿಸಿಲಿನಲ್ಲಿ ತಾವು ಕಲಿತುದನ್ನು ಹೇಳಿಕೊಟ್ಟರು. ೧೯೯೯ರಲ್ಲಿ ತೀರಿಕೊಂಡರು. ಯಶವಂತಪುರದ ಮಗ್ಗುಲಲ್ಲಿ ಅವರು ಕಟ್ಟಿದ ಭೋಜನಶಾಲೆಯಲ್ಲಿ, ದೇಶದ ನಾನಾ ಮೂಲೆಗಳಿಂದ ಒಂಟಿಯಾಗಿ ಓದಲು ಬಂದ ಹುಡುಗರು ಯಾವ ವಾರ ಯಾರ ಮನೆಯೆಂದು ಎಣಿಸದೆ, ಒಬ್ಬರ ಎದುರಿಗೆ ಒಬ್ಬರು ಕುಳಿತು ಉಂಡರು.